‘ಕಮಲ’ ಪಾಸ್, ‘ಸರೋಜ’ ಫೇಲ್: ಪೈಥಾನ್‌ಗೆ ಕನ್ನಡ ಅರ್ಧ ಮಾತ್ರ ಕಾಣೋದ್ಯಾಕೆ?

ಇವತ್ತಿನ ವಿಷಯ ರೆಗ್ಯುಲರ್ ಎಕ್ಸ್‌ಪ್ರೆಶನ್. ಅಂದ್ರೆ, ಬರಹದಲ್ಲಿ ನಮಗೆ ಬೇಕಾದ್ದನ್ನ ಹುಡುಕಿ ಕೊಡೋ ಪುಟ್ಟ ಸೂತ್ರ. ನಾನು ಕಲಿತಿದ್ದು ಕಾಮರ್ಸ್, ಹಾಗಾಗಿ ನನಗೆ ಅರ್ಥ ಆದ ದಾರಿಯಲ್ಲೇ ಹೇಳ್ತೀನಿ.

ಒಂದು ಆನ್‌ಲೈನ್ ಫಾರ್ಮ್ ಇದೆ ಅಂದ್ಕೊಳ್ಳಿ. ಹೆಸರಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ಪೈಥಾನ್‌ನಲ್ಲಿ ಒಂದು ಸೂತ್ರ ಹಾಕಿದ್ದಾರೆ: ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಪಕ್ಕದಲ್ಲಿ ಪ್ಲಸ್. ‘ಕಮಲ’ ಅಂತ ಹಾಕಿದ್ರೆ ಪಾಸ್. ‘ಸರೋಜ’ ಅಂತ ಹಾಕಿದ್ರೆ ಫೇಲ್! ಎರಡೂ ಅಪ್ಪಟ ಕನ್ನಡ ಲಿಪಿನೇ. ಮತ್ತೆ ಯಾಕೆ?

ನಮ್ಮ ಕಣ್ಣಿಗೆ ‘ರೋ’ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ‘ರ’ ಬೇರೆ, ಅದರ ಓತ್ವ ಬೇರೆ. ‘ರ’ ಅಕ್ಷರಗಳ ಗುಂಪಲ್ಲಿದೆ. ಓತ್ವ, ಗುಡಿಸು, ಕೊಂಬು, ಒತ್ತಕ್ಷರ ಕೂಡಿಸೋ ಚಿಹ್ನೆ, ಸೊನ್ನೆ (ಅನುಸ್ವಾರ) ಇವೆಲ್ಲ ‘ಮಾರ್ಕ್’ ಅನ್ನೋ ಇನ್ನೊಂದು ಗುಂಪಲ್ಲಿವೆ. ಪೈಥಾನ್ ಜೊತೆಗೇ ಬರೋ ‘ಆರ್‌ಇ’ ಮಾಡ್ಯೂಲ್‌ನಲ್ಲಿ ಆ ಸೂತ್ರಕ್ಕೆ ಸಿಗೋದು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಮಾರ್ಕ್ ಬಂದ ತಕ್ಷಣ ಅಲ್ಲಿಗೇ ನಿಲ್ಲುತ್ತೆ.

ಪದ ಎಣಿಸೋಕೆ ಹೋದ್ರೆ ಇನ್ನೂ ಫಜೀತಿ. ‘ಬೆಂಗಳೂರು’ ಮೂರು ತುಂಡಾಗುತ್ತೆ: ಬ, ಗಳ, ರ. ‘ಚೆನ್ನಾಗಿದೆ’ ಐದು ತುಂಡು: ಚ, ನ, ನ, ಗ, ದ. ಸಾವಿರ ಕನ್ನಡ ರಿವ್ಯೂ ಹೀಗೆ ಎಣಿಸಿದ್ರೆ ಕೈಗೆ ಬರೋದು ಬರೀ ಚೂರುಗಳು. ಕಷ್ಟ ಏನಂದ್ರೆ, ಎರರ್ ಬರಲ್ಲ. ಲೆಕ್ಕ ಸರಿ ಇದೆ ಅಂತಾನೇ ಅನ್ಸುತ್ತೆ.

ಅಂಕಿ ವಿಷಯದಲ್ಲಿ ಉಲ್ಟಾ. ಪೈಥಾನ್ 3ರಲ್ಲಿ ಬ್ಯಾಕ್‌ಸ್ಲ್ಯಾಶ್ ಡಿ ಅಂದ್ರೆ 0ಯಿಂದ 9 ಮಾತ್ರ ಅಲ್ಲ, ಕನ್ನಡದ ೦ಯಿಂದ ೯ ಕೂಡ ಒಪ್ಪುತ್ತೆ. ಫೋನ್ ನಂಬರ್‌ಗೆ ಇಂಗ್ಲಿಷ್ ಅಂಕಿನೇ ಬೇಕಿದ್ರೆ [0-9] ಅಂತ ಬಿಡಿಸಿ ಬರೆಯಿರಿ.

ಕನ್ನಡ ಪದಗಳಿಗೆ ಪರಿಹಾರ? [ಅ-೯ಂಃ]+ ಅಂತ ಬರೆದು ನೋಡಿ. ಯೂನಿಕೋಡ್ ಪಟ್ಟಿಯಲ್ಲಿ ‘ಅ’ಯಿಂದ ‘೯’ವರೆಗಿನ ಸಾಲಲ್ಲಿ ಗುಣಿತದ ಚಿಹ್ನೆಗಳೂ ಬರ್ತವೆ. ಅನುಸ್ವಾರ, ವಿಸರ್ಗ ‘ಅ’ಗಿಂತ ಮುಂಚೆ ಇರೋದ್ರಿಂದ ಅವನ್ನ ಬೇರೆಯಾಗಿ ಸೇರಿಸಬೇಕು. ಈಗ ‘ಸರೋಜ’ನೂ ಪಾಸ್, ‘ಬೆಂಗಳೂರು’ ಕೂಡ ಇಡಿಯಾಗಿ ಸಿಗುತ್ತೆ. ಆದ್ರೆ ‘ಪಾಡ್‌ಕಾಸ್ಟ್’ ಥರದ ಪದದ ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಣೆ-ತಡೆ ಚಿಹ್ನೆ ಇರುತ್ತೆ. ಅದನ್ನೂ ಸೇರಿಸದಿದ್ರೆ ಪದ ಎರಡಾಗುತ್ತೆ.

ನೀವು ಕೋಡ್ ಬರೆಯೋರಾದ್ರೆ, ಇಂಗ್ಲಿಷ್ ಹೆಸರಲ್ಲಿ ಟೆಸ್ಟ್ ಮಾಡಿ ಸುಮ್ಮನಾಗಬೇಡಿ. ಗುಣಿತ, ಒತ್ತು, ಸೊನ್ನೆ ಮೂರೂ ಇರೋ ಹೆಸರು ಹಾಕಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.