ನಾಲ್ಕು ಕೋರ್‌ಗಳ ಓಟಕ್ಕೆ ಮದರ್‌ಬೋರ್ಡ್ ತಾಳೀತೇ?

ಬೇಸಿಗೆಯಲ್ಲಿ ಒಂದೇ ಟಿ.ಸಿ.ಗೆ ಹತ್ತಾರು ಪಂಪ್‌ಸೆಟ್ ಜೋತುಬಿದ್ದರೆ ಏನಾಗುತ್ತದೆಂದು ಬಡವನಹಳ್ಳಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯೇ ಕೊಳವೆಬಾವಿಯನ್ನು ನಂಬಿಕೊಂಡದ್ದು. ಮೋಟಾರು ಚೆನ್ನಾಗಿಯೇ ಇರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ, ಟಿ.ಸಿ. ತಾಳದೆ ಸುಟ್ಟುಹೋಯಿತೆಂದರೆ ಮಾತ್ರ ಎಲ್ಲವೂ ನಿಂತಂತೆ. ಗಣಕಯಂತ್ರದ ಪೆಟ್ಟಿಗೆಯೊಳಗೂ ಇಂಥದೇ ಒಂದು ಏರ್ಪಾಡು ಇದೆ. ಅಲ್ಲಿ ಮೋಟಾರಿನ ಜಾಗದಲ್ಲಿ ಪ್ರೊಸೆಸರ್, ಟಿ.ಸಿ.ಯ ಜಾಗದಲ್ಲಿ ಮದರ್‌ಬೋರ್ಡ್.

ಪಿಯುಸಿ ಮುಗಿಸಿ ಡಿಪ್ಲೊಮಾಕ್ಕೋ ಎಂಜಿನಿಯರಿಂಗಿಗೋ ಸೇರಿದ ಹುಡುಗರಿಗೆ ಒಂದು ಹಂತದಲ್ಲಿ 'ಓವರ್‌ಕ್ಲಾಕಿಂಗ್' ಗೀಳು ಹತ್ತುವುದುಂಟು. ತಯಾರಕರು ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದಕ್ಕೆ ಈ ಹೆಸರು. ನಾಲ್ಕು ಕೋರ್‌ಗಳ, ಅಂದರೆ ಒಂದೇ ಚಿಪ್ಪಿನಲ್ಲಿ ನಾಲ್ಕು ಮಿದುಳುಗಳಿರುವ 'ಕ್ವಾಡ್‌ಕೋರ್' ಪ್ರೊಸೆಸರ್‌ಗಳು ಈಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಮಗ ಪ್ರೊಸೆಸರಿನ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಮದರ್‌ಬೋರ್ಡ್ ಯಾವುದೆಂದು ಅಪ್ಪ ಕೇಳಿದರೆ 'ಯಾವುದಾದರೂ ನಡೆಯುತ್ತೆ' ಎನ್ನುತ್ತಾನೆ. ಹಣ ಪೋಲಾಗುವುದು ಇಲ್ಲಿಂದಲೇ.

ವೇಗ ಹೆಚ್ಚುವುದು ಹೇಗೆ?

ಪ್ರೊಸೆಸರ್ ತಾಳಕ್ಕೆ ತಕ್ಕಂತೆ ಕುಣಿಯುವ ಯಂತ್ರ. ಈ ತಾಳವನ್ನು ಹಾಕುವುದು 'ಕ್ಲಾಕ್'. ಮೂಲ ತಾಳ ಸೆಕೆಂಡಿಗೆ 10 ಕೋಟಿ ಬಾರಿ, ಅಂದರೆ 100 ಮೆಗಾಹರ್ಟ್ಸ್ ಇದ್ದು, ಅದನ್ನು ಪ್ರೊಸೆಸರ್ ತನ್ನೊಳಗೆ 42ರಿಂದ ಗುಣಿಸಿಕೊಂಡರೆ 4.2 ಗಿಗಾಹರ್ಟ್ಸ್ ಆಗುತ್ತದೆ. ಈ 42 ಎಂಬುದೇ 'ಮಲ್ಟಿಪ್ಲೈಯರ್', ಅಂದರೆ ಗುಣಕ. ಅದನ್ನು 48 ಮಾಡಿದರೆ ವೇಗ 4.8 ಗಿಗಾಹರ್ಟ್ಸ್. ಲೆಕ್ಕ ಇಷ್ಟು ಸುಲಭ.

ಇದು ಸಾಧ್ಯವಾಗುವುದಾದರೂ ಹೇಗೆ? ಚಿಪ್ ವಿನ್ಯಾಸ ಮಾಡುವವರು ಸೆಕೆಯಲ್ಲೂ, ವೋಲ್ಟೇಜ್ ಇಳಿದಾಗಲೂ, ಹಲವು ವರ್ಷ ಬಳಸಿದ ಮೇಲೂ ತಪ್ಪಿಲ್ಲದೆ ಕೆಲಸ ಮಾಡಲೆಂದು ಒಂದಿಷ್ಟು ಅಂಚು ಬಿಟ್ಟು ವೇಗ ನಿಗದಿ ಮಾಡುತ್ತಾರೆ. ಈ ಕೆಲಸ ಕರ್ನಾಟಕಕ್ಕೆ ಹೊಸದೇನಲ್ಲ. 2008ರಲ್ಲಿ ಹೊರಬಂದ ಇಂಟೆಲ್ಲಿನ ಆರು ಕೋರ್‌ಗಳ ಜಿಯಾನ್ 7400 ಪ್ರೊಸೆಸರಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲೇ. ಓವರ್‌ಕ್ಲಾಕಿಂಗ್ ಮಾಡುವವರು ಮಾಡುವುದು ಆ ಅಂಚನ್ನು ಮೇಯುವ ಕೆಲಸ. ಒಂದೇ ಹೊಲದ ಕಡಲೆಕಾಯಿಯಲ್ಲಿ ಎಲ್ಲ ಕಾಯಿಯೂ ಒಂದೇ ಸಮನಾಗಿ ತುಂಬಿರುವುದಿಲ್ಲ. ಹಾಗೆಯೇ ಒಂದೇ ಹೆಸರಿನ ಎರಡು ಚಿಪ್‌ಗಳಲ್ಲಿ ಅಂಚು ಒಂದೇ ಸಮ ಇರುವುದಿಲ್ಲ. ಗೆಳೆಯನ ಪ್ರೊಸೆಸರ್ 4.8ಕ್ಕೆ ಏರಿತೆಂದರೆ ಇವನದೂ ಏರಬೇಕೆಂಬ ನಿಯಮವಿಲ್ಲ.

2007ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ಈ ಹವ್ಯಾಸಿಗಳ ಮುದ್ದಿನ ಚಿಪ್ ಆಗಿತ್ತು. ಅದರ ಗುಣಕ 9, ಮೂಲ ತಾಳ 266 ಮೆಗಾಹರ್ಟ್ಸ್, ಒಟ್ಟು 2.4 ಗಿಗಾಹರ್ಟ್ಸ್. ತಾಳವನ್ನೇ 333ಕ್ಕೆ ಏರಿಸಿದರೆ 3 ಗಿಗಾಹರ್ಟ್ಸ್. ಆ ಕಾಲದಲ್ಲಿ ಹೆಚ್ಚಿನ ತಾಳಕ್ಕೆ ಮದರ್‌ಬೋರ್ಡ್ ಒಗ್ಗುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. 2011ರಲ್ಲಿ ಇಂಟೆಲ್ ಮೂಲ ತಾಳವನ್ನು 100 ಮೆಗಾಹರ್ಟ್ಸ್ ಆಸುಪಾಸಿಗೆ ಕಟ್ಟಿಹಾಕಿತು. ಬೇರೆ ಭಾಗಗಳೂ ಅದೇ ತಾಳಕ್ಕೆ ನಡೆಯುತ್ತಿದ್ದುದರಿಂದ ನೂರಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಏರಿಸಿದರೆ ಗಣಕ ಮುಗ್ಗರಿಸುತ್ತಿತ್ತು. ಉಳಿದ ದಾರಿ ಗುಣಕ ಒಂದೇ. ಅದರ ಬೀಗ ತೆಗೆದ ಪ್ರೊಸೆಸರ್‌ಗಳಿಗೆ ಹೆಸರಿನ ಕೊನೆಯಲ್ಲಿ 'ಕೆ' ಎಂಬ ಅಕ್ಷರ ಸೇರಿಸಿ ಮಾರತೊಡಗಿದರು. 2011ರ ಐ5-2500ಕೆ ಇಂದ 2017ರ ಐ7-7700ಕೆ ವರೆಗಿನವು ಈ ಜಾತಿಗೆ ಸೇರಿದವು.

14ಕ್ಕೆ 45ರ ದಂಡ

ವೇಗ ಏರಿಸಿದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಚಿಪ್ಪಿನೊಳಗಿನ ಪ್ರತಿ ಟ್ರಾನ್ಸಿಸ್ಟರ್ ಒಂದು ಪುಟ್ಟ ಕೊಡವಿದ್ದಂತೆ. ಪ್ರತಿ ತಾಳಕ್ಕೂ ಅದು ವಿದ್ಯುದಾವೇಶದಿಂದ ತುಂಬಬೇಕು, ಬರಿದಾಗಬೇಕು. ತಾಳ ಚುರುಕಾದರೆ ಕೊಡವೂ ಬೇಗ ತುಂಬಬೇಕು. ನಲ್ಲಿಯಲ್ಲಿ ಒತ್ತಡ ಹೆಚ್ಚದೆ ಅದು ಆಗದು.

ಈ ಕೆಲಸಕ್ಕೆ ಬೇಕಾಗುವ ಶಕ್ತಿ ವೇಗಕ್ಕೆ ನೇರ ಅನುಪಾತದಲ್ಲೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲೂ ಇರುತ್ತದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನೋಡಬಹುದು. 7700ಕೆ ಪ್ರೊಸೆಸರಿಗೆ ಇಂಟೆಲ್ ನಮೂದಿಸಿದ ಶಾಖದ ಮಟ್ಟ 91 ವ್ಯಾಟ್. ಲೆಕ್ಕದ ಸಲುವಾಗಿ ಅದು 4.2 ಗಿಗಾಹರ್ಟ್ಸ್‌ನಲ್ಲಿ, 1.20 ವೋಲ್ಟ್‌ಗೆ ಇಷ್ಟು ಶಕ್ತಿ ಬಳಸುತ್ತದೆ ಎಂದುಕೊಳ್ಳೋಣ. ವೇಗವನ್ನು 4.8ಕ್ಕೆ, ವೋಲ್ಟೇಜನ್ನು 1.35ಕ್ಕೆ ಏರಿಸಿದರೆ ವೇಗದ ಅನುಪಾತ 1.14, ವೋಲ್ಟೇಜಿನ ವರ್ಗದ ಅನುಪಾತ 1.27. ಗುಣಿಸಿದರೆ ಸುಮಾರು 1.45. ವೇಗ ಹೆಚ್ಚಿದ್ದು ನೂರಕ್ಕೆ 14, ಶಕ್ತಿಯ ಖರ್ಚು ಹೆಚ್ಚಿದ್ದು ನೂರಕ್ಕೆ 45. 91 ವ್ಯಾಟ್ ಹೋಗಿ 132 ವ್ಯಾಟ್ ಆಯಿತು.

ಈಗ 132 ವ್ಯಾಟನ್ನು 1.35 ವೋಲ್ಟಿನಿಂದ ಭಾಗಿಸಿ. ಹೆಚ್ಚು ಕಡಿಮೆ 98 ಆಂಪಿಯರ್! 5 ಎಚ್.ಪಿ.ಯ ತ್ರೀ ಫೇಸ್ ಪಂಪ್‌ಸೆಟ್ ಒಂದೊಂದು ಫೇಸಿನಲ್ಲಿ ಎಳೆಯುವುದು 7–8 ಆಂಪಿಯರ್ ಮಾತ್ರ. ಪಂಪಿನ ವೋಲ್ಟೇಜ್ ನೂರಾರು ಪಟ್ಟು ಹೆಚ್ಚಾದ್ದರಿಂದ ಅದು ಬಳಸುವ ಶಕ್ತಿ ಬಹಳ ಹೆಚ್ಚು, ನಿಜ. ಆದರೆ ತಂತಿಯನ್ನು ಕಾಯಿಸುವುದು ಆಂಪಿಯರ್. ಹನ್ನೆರಡು ಪಂಪ್‌ಸೆಟ್ಟಿನಷ್ಟು ಕರೆಂಟು ಅಂಗೈ ಅಗಲದ ಜಾಗದಲ್ಲಿ, ಕಾಗದದಷ್ಟು ತೆಳುವಾದ ತಾಮ್ರದ ಪದರಗಳಲ್ಲಿ ಹರಿಯುತ್ತದೆ.

ಚೋಕು, ಕೆಪಾಸಿಟರು, ಮಾಸ್ಫೆಟ್ಟು

ಎಸ್.ಎಂ.ಪಿ.ಎಸ್. ಪೆಟ್ಟಿಗೆಯಿಂದ ಬರುವ 12 ವೋಲ್ಟನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಉಣಿಸುವ ಭಾಗಕ್ಕೆ 'ವಿ.ಆರ್.ಎಂ.' ಎಂದು ಹೆಸರು. ಮದರ್‌ಬೋರ್ಡಿನ ಟಿ.ಸಿ. ಇದೇ. ಪ್ರೊಸೆಸರಿನ ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತ ಬೂದುಬಣ್ಣದ ಚೌಕಗಳು ಚೋಕ್‌ಗಳು, ಪಕ್ಕದ ಸಣ್ಣ ಡಬ್ಬಿಗಳು ಕೆಪಾಸಿಟರ್‌ಗಳು. ಟ್ಯೂಬ್‌ಲೈಟು, ಫ್ಯಾನು ಬಿಚ್ಚಿ ನೋಡಿದವರಿಗೆ ಎರಡೂ ಹೆಸರು ಹಳೆಯ ಪರಿಚಯ. ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುವ ಸ್ವಿಚ್ಚುಗಳೇ ಮಾಸ್ಫೆಟ್‌ಗಳು.

ಇಷ್ಟೂ ಕರೆಂಟನ್ನು ಒಂದೇ ಜೋಡಿ ಹೊರಲಾರದು. ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಂತೆ ಒನಕೆ ಹಾಕುವ ಹಾಗೆ ಹಲವು ಜೋಡಿಗಳು ಸರದಿಯ ಮೇಲೆ ದುಡಿಯುತ್ತವೆ. ಒಂದೊಂದು ಸರದಿಗೂ 'ಫೇಸ್' ಎನ್ನುತ್ತಾರೆ. 98 ಆಂಪಿಯರನ್ನು ನಾಲ್ಕು ಫೇಸ್‌ಗಳು ಹಂಚಿಕೊಂಡರೆ ತಲೆಗೆ 25, ಎಂಟು ಹಂಚಿಕೊಂಡರೆ 12 ಚಿಲ್ಲರೆ. ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಪಾತವಾದ್ದರಿಂದ ಒಂದೊಂದು ಫೇಸಿನ ಇಂಥ ಶಾಖ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆದರೆ ಡಬ್ಬಿಯ ಮೇಲೆ '12 ಫೇಸ್' ಎಂದು ಅಚ್ಚಾದ ಮಾತ್ರಕ್ಕೆ ನಂಬಬೇಕಿಲ್ಲ. ಆರು ಸರದಿಗಳನ್ನೇ ಇಬ್ಭಾಗಿಸಿ ಹನ್ನೆರಡು ಎಂದು ಎಣಿಸುವ ಜಾಣತನವೂ ಇದೆ. ಪ್ರೊಸೆಸರಿಗೆ ಸೇರದ ಫೇಸ್‌ಗಳನ್ನು ಕೂಡಿಸಿ ಹೇಳುವುದೂ ಇದೆ.

ವಿ.ಆರ್.ಎಂ. ನೂರಕ್ಕೆ 90ರಷ್ಟು ದಕ್ಷವಾಗಿದ್ದರೂ 132 ವ್ಯಾಟ್ ಸಾಗಿಸುವಾಗ ಸುಮಾರು 15 ವ್ಯಾಟ್ ಅಲ್ಲೇ ಶಾಖವಾಗಿ ಉಳಿಯುತ್ತದೆ. ಎರಡು ಬೆರಳಗಲದ ಜಾಗಕ್ಕೆ ಅದು ಕಡಿಮೆಯಲ್ಲ. ಆದ್ದರಿಂದ ಮಾಸ್ಫೆಟ್‌ಗಳ ಮೇಲೆ ಸ್ಕ್ರೂ ಹಾಕಿ ಬಿಗಿದ, ರೆಕ್ಕೆಗಳುಳ್ಳ ಅಲ್ಯುಮಿನಿಯಂ ಹೀಟ್‌ಸಿಂಕ್ ಇಲ್ಲದ ಬೋರ್ಡನ್ನು ಓವರ್‌ಕ್ಲಾಕಿಂಗಿಗೆ ಕೊಳ್ಳಲೇಬಾರದು. ಬಣ್ಣದ ದೀಪಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ಸಂಗತಿ. ಮೋಟಾರು ಚಾಲೂ ಆದೊಡನೆ ಮನೆಯ ಬಲ್ಬು ಮಂಕಾಗುವಂತೆ, ನಾಲ್ಕೂ ಕೋರ್‌ಗಳು ಒಟ್ಟಿಗೆ ದುಡಿಯತೊಡಗಿದಾಗ ಪ್ರೊಸೆಸರಿನ ವೋಲ್ಟೇಜ್ ತುಸು ಕುಸಿಯುತ್ತದೆ. ಗಣಕ ದಿಢೀರನೆ ನೀಲಿ ಪರದೆ ತೋರಿಸಿ ನಿಲ್ಲುವುದು ಹೆಚ್ಚಾಗಿ ಈ ಗಳಿಗೆಯಲ್ಲೇ. ಕುಸಿತವನ್ನು ತುಂಬಿಕೊಡುವ 'ಲೋಡ್‌ಲೈನ್ ಕ್ಯಾಲಿಬ್ರೇಷನ್' ಎಂಬ ಆಯ್ಕೆ ಬೋರ್ಡಿನ ಬಯೋಸ್‌ನಲ್ಲಿ ಇರಬೇಕು. ಅದನ್ನು ಕೊನೆಯ ಮಟ್ಟಕ್ಕೆ ಏರಿಸಿದರೆ ವೋಲ್ಟೇಜ್ ಗುರಿ ಮೀರಿ ಜಿಗಿಯುವ ಅಪಾಯವಿದೆ. ನಡುವಿನ ಮಟ್ಟ ಸಾಕು.

ಹೆಸರಿನಲ್ಲಿ ಮೋಸಹೋಗುವುದು

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗುಣಕ ಬದಲಿಸಲು 'ಕೆ' ಪ್ರೊಸೆಸರ್ ಜೊತೆಗೆ 'ಝಡ್' ಸರಣಿಯ ಬೋರ್ಡೂ ಬೇಕು: 7700ಕೆ ಆದರೆ ಝಡ್270 ಇಲ್ಲವೇ ಬಯೋಸ್ ನವೀಕರಿಸಿದ ಝಡ್170. 'ಎಚ್' ಮತ್ತು 'ಬಿ' ಸರಣಿಯಲ್ಲಿ ಆಗದು. 2017ರ ಕೊನೆಯಲ್ಲಿ ಬಂದ ನಾಲ್ಕು ಕೋರ್‌ಗಳ ಐ3-8350ಕೆ ಅದೇ 1151 ಸಾಕೆಟ್ಟಿಗೆ ಕೂರುತ್ತದೆ, ಆದರೆ ಝಡ್270ರಲ್ಲಿ ಓಡುವುದಿಲ್ಲ. ಅದಕ್ಕೆ ಝಡ್370 ಬೇಕು. ಕೂತದ್ದೆಲ್ಲ ಓಡುತ್ತದೆಂದು ತಿಳಿದು ದುಡ್ಡು ಕಳೆದುಕೊಂಡವರಿದ್ದಾರೆ. ಇದರ ತಿರುವುಮುರುವು ಮೋಸವೂ ಉಂಟು. 2022ರಲ್ಲಿ ಬಂದ ಐ3-12100ಕ್ಕೂ ನಾಲ್ಕು ಕೋರ್‌ಗಳಿವೆ, ಆದರೆ ಗುಣಕಕ್ಕೆ ಬೀಗ. ಅದಕ್ಕೆ ದುಬಾರಿ ಝಡ್ ಬೋರ್ಡ್ ಕೊಡಿಸುವುದು ಎತ್ತಿಲ್ಲದ ಮನೆಗೆ ಗಾಡಿ ಕೊಂಡಂತೆ.

ಎ.ಎಂ.ಡಿ. ಕಂಪನಿಯ ರೈಜೆನ್ 3 1200, 3100, 3300ಎಕ್ಸ್ ಪ್ರೊಸೆಸರ್‌ಗಳ ಗುಣಕಕ್ಕೆ ಬೀಗವೇ ಇಲ್ಲ. ಇವು ಎಎಂ4 ಸಾಕೆಟ್ಟಿನವು. ಬಿ350, ಬಿ450, ಬಿ550 ಬೋರ್ಡ್‌ಗಳಲ್ಲಿ ವೇಗ ಏರಿಸಬಹುದು. ಅಗ್ಗದ ಎ320, ಎ520ರಲ್ಲಿ ಆಗದು. 2017ರ 1200 ಪ್ರೊಸೆಸರಿಗೆ ಬಿ550 ಹೊಂದುವುದಿಲ್ಲ. 3100 ಮತ್ತು 3300ಎಕ್ಸ್‌ಗಳಲ್ಲಿ ಚಿತ್ರ ತೋರಿಸುವ ಭಾಗವಿಲ್ಲದ ಕಾರಣ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ನ ಖರ್ಚೂ ಸೇರುತ್ತದೆ.

ಏಪ್ರಿಲ್ ಬಿಸಿಲು, ಹೋಗಿಬರುವ ಕರೆಂಟು

ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದದ್ದು ಈ ಸೀಮೆಯ ಬಿಸಿಲನ್ನು ನಂಬಿ. ಅದೇ ಬಿಸಿಲು ಗಣಕಕ್ಕೆ ಶತ್ರು. ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ಗಾಳಿಗಿಂತ ಪ್ರೊಸೆಸರನ್ನು ತಂಪು ಮಾಡಲಾರದು. ಡಿಸೆಂಬರ್‌ನ 24 ಡಿಗ್ರಿಯಲ್ಲಿ ಪ್ರೊಸೆಸರ್ 75 ಡಿಗ್ರಿ ತೋರಿಸಿದರೆ, ಏಪ್ರಿಲ್‌ನ 38 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 89ರ ಹತ್ತಿರ ಬರುತ್ತದೆ. 7700ಕೆಯ ಮಿತಿ 100 ಡಿಗ್ರಿ. ಆ ಮಿತಿ ಮುಟ್ಟಿದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಪಟ್ಟ ಪಾಡೆಲ್ಲ ವ್ಯರ್ಥ. ಇಂಗ್ಲಿಷ್ ವಿಮರ್ಶೆಗಳಲ್ಲಿ ಕಾಣುವ ಅಂಕಿಗಳು ಹೆಚ್ಚಾಗಿ ತಂಪು ಕೋಣೆಯವು. 2011ರಲ್ಲಿ ಎ.ಎಂ.ಡಿ.ಯ ಎಫ್ಎಕ್ಸ್ ಪ್ರೊಸೆಸರ್ 8.429 ಗಿಗಾಹರ್ಟ್ಸ್‌ನ ಗಿನ್ನೆಸ್ ದಾಖಲೆ ಮಾಡಿದ್ದಂತೂ ದ್ರವ ಹೀಲಿಯಂ ಸುರಿದು!

ಶಾಖದಿಂದ ಮೊದಲು ಸೊರಗುವುದು ಕೆಪಾಸಿಟರ್. ಹಳೆಯ ದ್ರವ ತುಂಬಿದ ಬಗೆಯಲ್ಲಿ ಹತ್ತು ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧವಾಗುತ್ತದೆಂಬುದು ಎಲೆಕ್ಟ್ರಾನಿಕ್ಸ್‌ನವರ ಸ್ಥೂಲ ಲೆಕ್ಕ. ಘನ ಪಾಲಿಮರ್ ಕೆಪಾಸಿಟರ್‌ಗಳಿರುವ ಬೋರ್ಡೇ ಮೇಲು. ಪೈಪಿನಲ್ಲಿ ನೀರು ಹರಿಸಿ ತಣಿಸುವ ಕೂಲರ್ ಹಾಕಿದರೆ ಪ್ರೊಸೆಸರ್ ತಣ್ಣಗಾಗುತ್ತದೆ, ಆದರೆ ಪಕ್ಕದ ವಿ.ಆರ್.ಎಂ.ಗೆ ಗಾಳಿಯೇ ಸಿಗದು. ಫ್ಯಾನಿನ ಕೂಲರ್ ಇಲ್ಲಿ ಹೆಚ್ಚು ಕ್ಷೇಮ.

ಬಯೋಸ್ ನವೀಕರಿಸುವ ಎರಡು ಮೂರು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡ್ ಸತ್ತಂತೆಯೇ. ಎರಡು ಬಯೋಸ್ ಚಿಪ್ ಇರುವ, ಅಥವಾ ಪೆನ್‌ಡ್ರೈವ್‌ನಿಂದ ಮತ್ತೆ ಬಯೋಸ್ ತುಂಬುವ 'ಫ್ಲ್ಯಾಶ್‌ಬ್ಯಾಕ್' ಗುಂಡಿಯಿರುವ ಬೋರ್ಡಿಗೆ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ. ಯು.ಪಿ.ಎಸ್. ಇಲ್ಲದ ಮನೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು.

ಕೊಳ್ಳುವ ಮುನ್ನ

ಪೋಷಕರು ಕೇಳಬೇಕಾದ ನೇರ ಪ್ರಶ್ನೆ: ಇದೆಲ್ಲ ಬೇಕೇ? ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 7700ಕೆಯೂ ಇಲ್ಲ, ರೈಜೆನ್ 1200ಉೂ ಇಲ್ಲ. ಬೀಗ ಹಾಕಿದ ಐ3-12100 ಯಾವ ಕಸರತ್ತೂ ಇಲ್ಲದೆ ಬಹುತೇಕ ಕೆಲಸಗಳಲ್ಲಿ 7700ಕೆಗೆ ಸರಿಗಟ್ಟುತ್ತದೆ. ಓದು, ಪ್ರಾಜೆಕ್ಟ್, ಪ್ರೋಗ್ರಾಮಿಂಗ್ ಇಷ್ಟೇ ಗುರಿಯಾದರೆ ಅದು ಮತ್ತು ಒಂದು ಸಾದಾ ಬೋರ್ಡ್ ಸಾಕು. ಉಳಿದ ಹಣಕ್ಕೆ ಎಸ್.ಎಸ್.ಡಿ. ಕೊಂಡರೆ ವೇಗ ಕಣ್ಣಿಗೇ ಕಾಣುತ್ತದೆ. ಇಲ್ಲ, ಬಿಚ್ಚಿ ಜೋಡಿಸಿ ಕಲಿಯುವ ಹಂಬಲವೇ ಇದೆ ಎನ್ನುವ ಹುಡುಗನಿಗೆ ಹೀಟ್‌ಸಿಂಕ್ ಇರುವ ಬಿ550 ಬೋರ್ಡ್ ಮತ್ತು 3100 ಪ್ರೊಸೆಸರ್ ಒಳ್ಳೆಯ ಜೋಡಿ. ನಾಳೆ ಅದೇ ಬೋರ್ಡಿಗೆ ಆರು ಅಥವಾ ಎಂಟು ಕೋರ್‌ಗಳ ಪ್ರೊಸೆಸರ್ ಹಾಕಬಹುದು. ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಒಂದು ಗಂಟೆ ಪೂರ್ತಿ ಹೊರೆ ಹೇರಿ, ಉಷ್ಣತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಅಸ್ಥಿರ ಪ್ರೊಸೆಸರ್ ಸದ್ದಿಲ್ಲದೆ ಕಡತ ಕೆಡಿಸಬಲ್ಲದು. ಇದರಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ಹಳೆಯ ಬೋರ್ಡ್ ಹುಡುಕಿಕೊಂಡು ಬೆಂಗಳೂರಿನ ಸಾದರಪತ್ರಪ್ಪ ರಸ್ತೆಗೆ, ಎಲ್ಲರ ಬಾಯಲ್ಲಿರುವಂತೆ ಎಸ್.ಪಿ. ರೋಡಿಗೆ, ಹೋಗುವವರು ಜೇಬಿನಲ್ಲೊಂದು ಟಾರ್ಚ್ ಇಟ್ಟುಕೊಂಡಿರಬೇಕು. ಇಂಟೆಲ್ ಬೋರ್ಡುಗಳಲ್ಲಿ ಸೂಜಿಗಳಿರುವುದು ಸಾಕೆಟ್ಟಿನಲ್ಲಿ. ಓರೆಯಾಗಿ ಬೆಳಕು ಬಿಟ್ಟರೆ ಬಾಗಿದ ಸೂಜಿ ಬೇರೆಯಾಗಿ ಹೊಳೆಯುತ್ತದೆ. ಎಎಂ4ರಲ್ಲಾದರೆ ಸೂಜಿಗಳು ಪ್ರೊಸೆಸರಿನ ಅಡಿಯಲ್ಲಿ. ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ವಿ.ಆರ್.ಎಂ. ಸುತ್ತ ಬೋರ್ಡ್ ಕಂದುಬಣ್ಣಕ್ಕೆ ತಿರುಗಿದೆಯೇ, ಹೀಟ್‌ಸಿಂಕಿನ ಸ್ಕ್ರೂಗಳು ಎಲ್ಲವೂ ಇವೆಯೇ, ಪ್ರೊಸೆಸರಿಗೆ ಕರೆಂಟು ಕೊಡುವ ಕನೆಕ್ಟರ್ ಎಂಟು ಪಿನ್ನಿನದೇ ಎಂದು ನೋಡಿ, ಅಂಗಡಿಯಲ್ಲೇ ಜೋಡಿಸಿ ಬಯೋಸ್ ಪರದೆ ಬರಿಸಿ, ರಾಮ್ ಸ್ಲಾಟ್‌ಗಳೆಲ್ಲ ಕೆಲಸ ಮಾಡುವುದನ್ನು ಕಂಡ ಮೇಲೆ ಹಣ ಎಣಿಸುವುದು. ಬಡವನಹಳ್ಳಿಗೆ ಬಂದು ಡಬ್ಬಿ ಬಿಚ್ಚಿದಾಗ ಸೂಜಿ ಬಾಗಿರುವುದು ಕಂಡರೆ, ಮರುದಿನ ಮತ್ತೆ ಬಸ್ಸು ಹತ್ತಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು. ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೆಂಬ ಖಾತರಿಯೂ ಇಲ್ಲ.