ಕೋಳಿಯ ಜುಟ್ಟು ಮತ್ತು ಗೊಡ್ಡು ಮೊಟ್ಟೆ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಕೋಳಿಯ ಜುಟ್ಟಿನ ಗೊಡವೆ ಏಕೆಂದು ಗೆಳೆಯರು ನಕ್ಕಾರು. ನಮ್ಮ ಮನೆಯಲ್ಲಿ ಅವ್ವ ಕೋಳಿಯನ್ನು ಕಾವಿಗೆ ಕೂರಿಸುತ್ತಾಳೆ. 21 ದಿನ ಕಳೆದ ಮೇಲೆ 12 ಮೊಟ್ಟೆಗಳಲ್ಲಿ ಐದಾರು ಗೊಡ್ಡಾಗಿ ಉಳಿದರೆ ಬೈಗುಳವೆಲ್ಲ ಹೇಟೆಗೆ. ಹುಂಜನನ್ನು ಯಾರೂ ವಿಚಾರಿಸುವುದಿಲ್ಲ. ಅಮೆರಿಕದ ವಯಾಂಡಾಟ್ ಎಂಬ ತಳಿಯ ವಿಷಯ ಓದಿದ ಮೇಲೆ ಈ ನ್ಯಾಯದಲ್ಲಿ ನನಗೆ ಸಂದೇಹ ಹುಟ್ಟಿತು.

ನಾವು ಸಾಮಾನ್ಯವಾಗಿ ಕಾಣುವುದು ಗರಗಸದ ಹಲ್ಲಿನಂತೆ ನೆಟ್ಟಗೆ ನಿಂತ ಒಂಟಿ ಜುಟ್ಟು. ಕಾಳಗದ ಅಸೀಲ್ ಹುಂಜನದು ಮೂರು ಸಾಲಿನ ಗಿಡ್ಡ ಬಟಾಣಿ ಜುಟ್ಟು. ವಯಾಂಡಾಟಿನದು ಗುಲಾಬಿ ಜುಟ್ಟು: ತಲೆಗೆ ಅಂಟಿದಂತೆ ಅಗಲವಾಗಿ, ಮೇಲೆಲ್ಲ ಸಣ್ಣ ಗಂಟುಗಳಿಂದ ಕೂಡಿ, ಹಿಂದಕ್ಕೆ ಮೊನೆಯಾಗಿರುತ್ತದೆ. ಹೆಸರು ಗುಲಾಬಿಯಾದರೂ ಚಿತ್ರದಲ್ಲಿ ನನ್ನ ಕಣ್ಣಿಗೆ ಅದು ಹಾಗಲಕಾಯಿಯ ಸಿಪ್ಪೆಯಂತೆಯೇ ಕಂಡಿತು! ಹಿಮ ಬೀಳುವ ನಾಡಿನಲ್ಲಿ ಎತ್ತರದ ಜುಟ್ಟಿನ ತುದಿ ಚಳಿಗೆ ಕರಿದಾಗಿ ಸಾಯುತ್ತದೆ; ತಗ್ಗು ಜುಟ್ಟಿಗೆ ಆ ಭಯ ಕಡಿಮೆ. 1883ರಲ್ಲಿ ಅಮೆರಿಕದ ಕೋಳಿಸಾಕಣೆಗಾರರ ಸಂಘವು ಅಂಗೀಕರಿಸಿದ ಈ ತಳಿಗೆ ಗುಲಾಬಿ ಜುಟ್ಟೇ ಲಕ್ಷಣ. ಒಂಟಿ ಜುಟ್ಟಿನದು ಪ್ರದರ್ಶನದಲ್ಲಿ ನಿಲ್ಲಲಾರದು.

ಆದರೆ ಗುಲಾಬಿ ಜುಟ್ಟಿನ ತಂದೆತಾಯಿಗಳಿಗೇ ಆಗಾಗ ಒಂಟಿ ಜುಟ್ಟಿನ ಮರಿ ಹುಟ್ಟುತ್ತದೆ. ಸಾಕುವವರು ಅಂಥವನ್ನು ತಲೆತಲಾಂತರದಿಂದ ತೆಗೆದುಹಾಕುತ್ತ ಬಂದರೂ ದೋಷ ತೊಲಗಲಿಲ್ಲ.

ಮೆಂಡಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಪ್ರತಿ ಮರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಎರಡರಲ್ಲಿ ಒಂದು ಗುಲಾಬಿಯಾದರೆ ಸಾಕು, ಜುಟ್ಟು ಗುಲಾಬಿಯೇ. ಒಂಟಿಯದು ಒಳಗೆ ಅಡಗಿರುತ್ತದೆ. ಇಂಥ ಮಿಶ್ರ ಹುಂಜ, ಮಿಶ್ರ ಹೇಟೆ ಕೂಡಿದರೆ ಸರಾಸರಿ 4 ಮರಿಗಳಲ್ಲಿ 1 ಒಂಟಿ ಜುಟ್ಟಿನದು. ಹಾಗಾದರೆ ಒಂಟಿ ಜುಟ್ಟಿನ ಹೇಟೆಯೊಡನೆ ಹುಂಜನನ್ನು ಬಿಟ್ಟು ನೋಡಬಹುದು. ಮಿಶ್ರವಾದರೆ ಸುಮಾರು ಅರ್ಧ ಮರಿಗಳು ಒಂಟಿ ಜುಟ್ಟಿನವಾಗುತ್ತವೆ. ಎಷ್ಟು ಮರಿಯಾದರೂ ಎಲ್ಲವೂ ಗುಲಾಬಿಯೇ ಆದರೆ ಅದು ಅಪ್ಪಟ. ಅಪ್ಪಟ ಹುಂಜಗಳನ್ನೇ ಉಳಿಸಿಕೊಂಡರೆ ತೀರಿತಲ್ಲವೆ?

ತೀರುವುದಿಲ್ಲ, ತೊಡಕು ಇರುವುದೇ ಇಲ್ಲಿ. ಎರಡೂ ಕಡೆಯಿಂದ ಗುಲಾಬಿ ಪಡೆದ ಹುಂಜನ ವೀರ್ಯಾಣುಗಳು ಚೆನ್ನಾಗಿ ಈಜಲಾರವು. ನೋಡಲು ಹುಂಜ ರಾಜನಂತಿದ್ದರೂ ಅದರ ಮೊಟ್ಟೆಗಳಲ್ಲಿ ಬಹಳವು ಗೊಡ್ಡು. ಮಿಶ್ರ ಹುಂಜನಿಗೆ ಈ ಕುಂದಿಲ್ಲ. ಅಪ್ಪಟ ಹೇಟೆಗೂ ಇಲ್ಲ. ಎರಡು ಬಗೆಯ ಹುಂಜಗಳೂ ಒಂದೇ ಹಿಂಡಿನಲ್ಲಿದ್ದರೆ ಹೆಚ್ಚು ಮರಿಗಳಿಗೆ ತಂದೆಯಾಗುವುದು ಮಿಶ್ರ ಹುಂಜವೇ. ಅದರೊಡನೆ ಒಂಟಿ ಜುಟ್ಟೂ ಮುಂದಿನ ಪೀಳಿಗೆಗೆ ಸಾಗುತ್ತದೆ.

ಕಾರಣ ಸ್ಪಷ್ಟವಾದದ್ದು 2012ರಲ್ಲಿ. ಕೋಳಿಯ 7ನೆಯ ವರ್ಣತಂತುವಿನ ಒಂದು ದೊಡ್ಡ ತುಂಡು, ಸುಮಾರು 74 ಲಕ್ಷ ಅಕ್ಷರಗಳಷ್ಟು ಉದ್ದದ್ದು, ಎಂದೋ ತಲೆಕೆಳಗಾಗಿ ಕೂಡಿಕೊಂಡಿದೆ. ಇದರಿಂದ ಒಂದು ವಂಶವಾಹಿ ಸ್ಥಳ ತಪ್ಪಿ, ಬೇಡದ ಕಡೆ ಕೆಲಸಮಾಡಿ ಜುಟ್ಟನ್ನು ಗುಲಾಬಿಯಾಗಿಸಿತು. ತುಂಡು ಮುರಿದ ಇನ್ನೊಂದು ತುದಿಯಲ್ಲಿ ವೀರ್ಯಾಣುವಿನ ಚಲನೆಗೆ ಬೇಕಾದ ವಂಶವಾಹಿ ಕಡಿದುಹೋಯಿತು. ಚೆಲುವೂ ಕುಂದೂ ಒಂದೇ ಮುರಿತದ ಮಕ್ಕಳು. ಕುಂದಿಲ್ಲದ ಗುಲಾಬಿ ಜುಟ್ಟಿನ ಇನ್ನೊಂದು ರೂಪವೂ ಇದೆಯೆನ್ನಿ. ಅದರಲ್ಲಿ ಆ ವಂಶವಾಹಿ ಕಡಿದಿಲ್ಲ.

ಹಿಂಡು ದೊಡ್ಡದಾಗಿದ್ದರೆ ಕೆಲವು ಗೊಡ್ಡು ಮೊಟ್ಟೆಗಳಿಂದ ನಷ್ಟವಿಲ್ಲ. ಹತ್ತಿಪ್ಪತ್ತೇ ಕೋಳಿಗಳು ಉಳಿದಿರುವ ಅಪರೂಪದ ಹಿಂಡಿನಲ್ಲಿ, ಜುಟ್ಟನ್ನು ತಿದ್ದಲು ಹೋಗಿ ಮರಿಗಳನ್ನೇ ಕಳೆದುಕೊಂಡಂತೆ. ಆದುದರಿಂದ ಬಲ್ಲವರು ಒಂಟಿ ಜುಟ್ಟಿನ ಒಂದೆರಡು ಹೇಟೆಗಳನ್ನು ಪ್ರದರ್ಶನಕ್ಕೆ ಒಯ್ಯದೆ ಹಿತ್ತಿಲಲ್ಲಿ ಇಟ್ಟುಕೊಳ್ಳುತ್ತಾರೆ. ಅವುಗಳಿಗೆ ಹುಟ್ಟುವ ಗುಲಾಬಿ ಜುಟ್ಟಿನ ಗಂಡುಮರಿಗಳೆಲ್ಲ ಮಿಶ್ರ, ಒಳ್ಳೆಯ ತಂದೆಗಳು.

ನಮ್ಮ ಹುಂಜನದು ಒಂಟಿ ಜುಟ್ಟು. ಈ ಆರೋಪ ಅದಕ್ಕೆ ತಗಲದು. ಆದರೂ ಇದನ್ನೆಲ್ಲ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮುಂದಿನ ಸಲ ಪಕ್ಕದ ಮನೆ ಹುಂಜನ್ನ ಬಿಟ್ಟು ನೋಡೋಣ" ಎಂದಳು.