ಪತ್ರಿಕೆಯನ್ನು ನಂಬುವುದೋ, ಪಕ್ಷವನ್ನು ನಂಬುವುದೋ?

‘ಪತ್ರಿಕೆಯಲ್ಲಿ ಬಂದಿದೆ’ ಎಂಬ ಮಾತು ಒಂದು ಕಾಲಕ್ಕೆ ಜಗಲಿಯ ಮೇಲಿನ ವಾದವನ್ನು ಮುಗಿಸುತ್ತಿತ್ತು. ಇಂದು ಅದೇ ಮಾತಿನಿಂದ ವಾದ ಆರಂಭವಾಗುತ್ತದೆ. ‘ಯಾವ ಪತ್ರಿಕೆಯಲ್ಲಿ?’ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಹೆಸರು ಕೇಳಿದೊಡನೆ, ಸುದ್ದಿಯನ್ನು ಓದುವ ಮೊದಲೇ, ನಂಬುವವರು ನಂಬಿರುತ್ತಾರೆ. ನಂಬದವರು ನಕ್ಕು ಎದ್ದು ಹೋಗಿರುತ್ತಾರೆ.

ಗಡಿನಾಡಿನವರಾದ ನಮಗೆ ಪಕ್ಷದ ಪತ್ರಿಕೆಗಳ ಪರಿಚಯ ಹಳೆಯದು. ಕೇರಳದಲ್ಲಿ 1942ರಲ್ಲಿ ವಾರಪತ್ರಿಕೆಯಾಗಿ ಹುಟ್ಟಿ, 1946ರಲ್ಲಿ ದಿನಪತ್ರಿಕೆಯಾದ ‘ದೇಶಾಭಿಮಾನಿ’ ಕಮ್ಯುನಿಸ್ಟರದು. 1934ರಲ್ಲಿ ತಲಶ್ಶೇರಿಯಲ್ಲಿ ಆರಂಭವಾದ ‘ಚಂದ್ರಿಕಾ’ ಮುಸ್ಲಿಂ ಲೀಗಿನ ದನಿ. ‘ವೀಕ್ಷಣಂ’ ಕಾಂಗ್ರೆಸ್ಸಿನದು. ಹೊಸೂರು, ತಾಳವಾಡಿಗಳ ಕಡೆಯವರು ಕರುಣಾನಿಧಿಯವರು 1942ರಲ್ಲಿ ಪ್ರಾರಂಭಿಸಿದ ‘ಮುರಸೊಲಿ’ಯನ್ನು ಬಲ್ಲರು. ಸೊಲ್ಲಾಪುರ, ಅಕ್ಕಲಕೋಟೆಗಳವರಿಗೆ ಬಾಳಾಸಾಹೇಬ ಠಾಕ್ರೆಯವರು 1988ರಲ್ಲಿ ಸ್ಥಾಪಿಸಿದ ‘ಸಾಮನಾ’ ಅಪರಿಚಿತವಲ್ಲ. ಈ ಪತ್ರಿಕೆಗಳಲ್ಲಿ ಒಂದು ಬಗೆಯ ನೇರತನವಿದೆ. ಬಾವುಟ ಯಾವುದೆಂಬುದನ್ನು ಅವು ಬಚ್ಚಿಡುವುದಿಲ್ಲ. ಎಷ್ಟು ನಂಬಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಓದುಗನು ಮೊದಲೇ ಲೆಕ್ಕ ಹಾಕಿಕೊಳ್ಳಬಲ್ಲನು.

ಸಾಮಾನ್ಯ ಪತ್ರಿಕೆಯನ್ನೂ ಜನರು ಪಕ್ಷದ ಕನ್ನಡಕದಿಂದಲೇ ನೋಡತೊಡಗಿದಾಗ ತೊಡಕು ಹೆಚ್ಚುತ್ತದೆ. ಮಡಕಶಿರಾ, ರಾಯದುರ್ಗಗಳ ಓದುಗರು ಇದನ್ನು ಕಣ್ಣಾರೆ ಕಂಡಿದ್ದಾರೆ. 1974ರಲ್ಲಿ ವಿಶಾಖಪಟ್ಟಣದಲ್ಲಿ ಆರಂಭವಾದ ‘ಈನಾಡು’ 1983ರ ಚುನಾವಣೆಯಲ್ಲಿ ಎನ್. ಟಿ. ರಾಮರಾಯರ ಹೊಸ ಪಕ್ಷಕ್ಕೆ ಒತ್ತಾಸೆಯಾಗಿ ನಿಂತಿತು. 2004ರಿಂದ 2009ರವರೆಗೆ ಮುಖ್ಯಮಂತ್ರಿಗಳಾಗಿದ್ದ ವೈ. ಎಸ್. ರಾಜಶೇಖರ ರೆಡ್ಡಿಯವರು ‘ಈನಾಡು’, ‘ಆಂಧ್ರಜ್ಯೋತಿ’ಗಳನ್ನು ‘ಆ ಎರಡು ಪತ್ರಿಕೆಗಳು’ ಎಂದೇ ಕರೆಯುತ್ತಿದ್ದರು. 2008ರಲ್ಲಿ ಅವರ ಮಗ ಜಗನ್ಮೋಹನ ರೆಡ್ಡಿಯವರ ‘ಸಾಕ್ಷಿ’ ಹೊರಬಂದಿತು. ಆ ಬಳಿಕ ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ಬೇರೆ ಬೇರೆ ಆಂಧ್ರಗಳು ಪ್ರತಿದಿನ ಬೆಳಗಾಗುವಂತಾಯಿತು.

ಇಂತಹ ಒಡಕು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಅಮೆರಿಕ ದೇಶದಲ್ಲಿ ಅಂಕಿಗಳ ಆಧಾರವೇ ಇದೆ. ಗ್ಯಾಲಪ್ ಸಂಸ್ಥೆಯವರು 1972ರಿಂದ ಅಲ್ಲಿಯ ಜನರನ್ನು ಈ ಕುರಿತು ಕೇಳುತ್ತ ಬಂದಿದ್ದಾರೆ. 1976ರಲ್ಲಿ ನೂರಕ್ಕೆ 72 ಮಂದಿ ಸುದ್ದಿಮಾಧ್ಯಮಗಳನ್ನು ಸಾಕಷ್ಟು ನಂಬುತ್ತಿದ್ದರು. ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆದ ಪತ್ರಿಕೆಗಳ ಮೇಲೆ ಗೌರವವಿದ್ದ ಕಾಲವದು. 2025ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಅದರಲ್ಲೂ ಡೆಮೋಕ್ರಾಟರಲ್ಲಿ 51 ಮಂದಿ ನಂಬಿದರೆ, ರಿಪಬ್ಲಿಕನ್ನರಲ್ಲಿ ನಂಬಿದವರು 8 ಮಂದಿ ಮಾತ್ರ! ಇದಕ್ಕೆ ಕಾರಣಗಳು ಹಲವು. ವಿವಾದದ ಎರಡೂ ಮಗ್ಗುಲುಗಳನ್ನು ಪ್ರಸಾರ ಮಾಡಬೇಕೆಂಬ ಸರ್ಕಾರಿ ನಿಯಮವು 1987ರಲ್ಲಿ ರದ್ದಾಯಿತು. 1996ರಲ್ಲಿ ‘ಫಾಕ್ಸ್ ನ್ಯೂಸ್’ನಂತಹ ವಾಹಿನಿಗಳು ತಲೆಯೆತ್ತಿದವು. ಪತ್ರಿಕೆಗಳನ್ನು ವೈರಿಗಳೆಂದು ಹಳಿಯುವ ನಾಯಕರೂ ಬಂದರು. ಆದರೆ ಮಾಧ್ಯಮಗಳು ತಾವೇ ಎಡವಿದ್ದನ್ನೂ ಮರೆಯಲಾಗದು. ಇರಾಕಿನಲ್ಲಿ ಘೋರಾಸ್ತ್ರಗಳಿವೆ ಎಂಬ ಸರ್ಕಾರದ ಮಾತನ್ನು 2003ರ ಯುದ್ಧಕ್ಕೆ ಮೊದಲು ದೊಡ್ಡ ಪತ್ರಿಕೆಗಳೂ ಸಾಕಷ್ಟು ಪರೀಕ್ಷಿಸದೆ ಅಚ್ಚು ಹಾಕಿದ್ದವು.

ಇದರಿಂದಾಗುವ ನಷ್ಟವೇನು? ಅಭಿಪ್ರಾಯಭೇದ ಮನೆಗೆ ಕೇಡಲ್ಲ. ಅಪ್ಪ ಒಂದು ಪಕ್ಷಕ್ಕೆ, ಮಗ ಇನ್ನೊಂದಕ್ಕೆ ಮತ ನೀಡಿಯೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಆದರೆ ನಡೆದದ್ದೇನೆಂಬುದರಲ್ಲಿಯೇ ಇಬ್ಬರಿಗೂ ಒಮ್ಮತವಿಲ್ಲದಿದ್ದರೆ ಮಾತಿಗೆ ನೆಲೆಯೇ ಉಳಿಯದು. ನೆರೆ ಬಂದಾಗ, ರೋಗ ಹರಡಿದಾಗ, ಊರಿನ ಕನ್ನಡ ಶಾಲೆ ಮುಚ್ಚುವ ಸುದ್ದಿ ಬಂದಾಗ ಯಾರನ್ನು ನಂಬುವುದು?

ಈ ವಿಷಯದಲ್ಲಿ ಗಡಿನಾಡಿನವರಿಗೆ ಒಂದು ಹಳೆಯ ಪಾಠವಿದೆ. 1967ರಲ್ಲಿ ಮಹಾಜನ ಆಯೋಗದ ವರದಿ ಬಂದಾಗ, ಅದೊಂದೇ ವರದಿ ಕನ್ನಡ ಪತ್ರಿಕೆಗಳಲ್ಲಿ ನ್ಯಾಯವಾಗಿಯೂ ಮರಾಠಿ ಪತ್ರಿಕೆಗಳಲ್ಲಿ ಅನ್ಯಾಯವಾಗಿಯೂ ಕಂಡಿತು. ಎರಡೂ ಭಾಷೆ ಬಲ್ಲ ನಮ್ಮ ಹಿರಿಯರು ಎರಡನ್ನೂ ಓದಿದರು. ತಮಗೆ ಬೇಕಾದುದನ್ನು ಹೇಳಿದ ಪತ್ರಿಕೆಯೇ ಸತ್ಯವಾದಿ ಎಂದುಕೊಳ್ಳುವುದು ಎಷ್ಟು ಸುಲಭವೆಂಬುದೂ ಅಂತಹ ಓದಿನಿಂದಲೇ ತಿಳಿಯುವಂತಹುದು.

ಆದುದರಿಂದ ಪತ್ರಿಕೆಯನ್ನು ಅಳೆಯಲು ನಮ್ಮ ಪಕ್ಷವನ್ನು ಕೋಲಾಗಿಸಿಕೊಳ್ಳುವುದು ಬೇಡ. ತನಗೆ ಪ್ರಿಯರಾದವರ ತಪ್ಪನ್ನು ಅದು ಬರೆಯುತ್ತದೆಯೇ? ತನ್ನ ತಪ್ಪು ಗೊತ್ತಾದಾಗ ಕಾಣುವ ಜಾಗದಲ್ಲಿ ತಿದ್ದುಪಡಿ ಹಾಕುತ್ತದೆಯೇ? ಯಾರು, ಎಲ್ಲಿ, ಯಾವಾಗ ಹೇಳಿದರೆಂಬುದನ್ನು ತಿಳಿಸುತ್ತದೆಯೇ? ಈ ಮೂರನ್ನೂ ಕೇಳೋಣ. ಬಳಿಕ ನಾಲ್ಕನೆಯದೊಂದನ್ನು ನಮ್ಮನ್ನೇ ಕೇಳಿಕೊಳ್ಳೋಣ: ನಮಗೆ ಹಿಡಿಸದ ನಿಜವನ್ನು ಕಡೆಯ ಬಾರಿ ನಾವು ಒಪ್ಪಿಕೊಂಡದ್ದು ಯಾವಾಗ? ಎರಡು ಭಾಷೆಯ ಪತ್ರಿಕೆಗಳನ್ನು ಓದಬಲ್ಲ ಮನೆಗೆ ಇದೇನೂ ಕಷ್ಟವಲ್ಲ. ಓದುವ ಮನಸ್ಸಿರಬೇಕು, ಅಷ್ಟೆ.